ಅಪ್ಪನ ಪುಸ್ತಕ 1000 ಪ್ರತಿ ಅಚ್ಚು ಹಾಕಿಸಬೇಕಾ? ಉಡುಪಿ, ಮಂಗಳೂರಲ್ಲಿ ಯಾರು ಕೊಳ್ಳುತ್ತಾರೆ?

ಕಡಿಯಾಳಿಯವಳು

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಉಂಟು, ಬೇಜಾರು ಮಾಡಬೇಡಿ.

ನಮ್ಮ ಅಪ್ಪ ಪ್ರೈಮರಿ ಶಾಲೆಯಲ್ಲಿ ಮಾಸ್ಟ್ರಾಗಿದ್ದವರು, ಈಗ 78 ವರ್ಷ. ಅರ್ಧ ಸರ್ವಿಸು ಕಾರ್ಕಳದ ಆಚೆ ಏಕೋಪಾಧ್ಯಾಯ ಶಾಲೆಗಳಲ್ಲೇ ಹೋಯಿತು. ಮಳೆಗಾಲದಲ್ಲಿ ಮಕ್ಕಳ ಕೈ ಹಿಡಿದು ಸಂಕ (ತೋಡಿನ ಮೇಲಿನ ಕಾಲುಸೇತುವೆ) ದಾಟಿಸಿದ್ದು, ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ಊರವರೆಲ್ಲ ಸೇರಿ ಶಾಲೆಗೆ ಸೆಗಣಿ ಸಾರಿಸಿದ್ದು, ಒಂದನೇ ಕ್ಲಾಸಿಗೆ ಅ ಆ ಬರೆಯಲು ಕೊಟ್ಟು ಅದೇ ಕೋಣೆಯಲ್ಲಿ ನಾಲ್ಕನೇ ಕ್ಲಾಸಿಗೆ ಭಾಗಾಕಾರ ಹೇಳಿಕೊಟ್ಟಿದ್ದು, ಇಂಥದನ್ನೆಲ್ಲ ಲಾಂಗ್ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ನಾನು ಎರಡು ವರ್ಷ ಕೂತು ಟೈಪ್ ಮಾಡಿದೆ. ಡೆಮಿ 1/8 ಸೈಜಿನಲ್ಲಿ 160 ಪುಟ ಆಗುತ್ತದಂತೆ.

ಪ್ರೆಸ್ಸಿನವರು ಕೊಟ್ಟ ಲೆಕ್ಕ: 1000 ಪ್ರತಿಗೆ 82 ಸಾವಿರ, 500 ಪ್ರತಿಗೆ 54 ಸಾವಿರ. ಅಂದರೆ 1000 ಮಾಡಿಸಿದರೆ ಒಂದಕ್ಕೆ 82 ರೂಪಾಯಿ, 500 ಆದರೆ 108. "ಅರ್ಧ ಮಾಡಿಸಿದರೆ ನಿಮಗೇ ಲಾಸು, ಸಾವಿರ ಮಾಡಿಸಿಬಿಡಿ" ಅಂತ ಅವರು. ಅಪ್ಪನಿಗೂ ಸಾವಿರವೇ ಆಗಬೇಕು. ಪುಸ್ತಕ ಅಂದರೆ ಸಾವಿರ ಪ್ರತಿ ಅಂತ ಅವರ ತಲೆಯಲ್ಲಿ ಕೂತುಬಿಟ್ಟಿದೆ. ಬೆಲೆ 180 ಇಡೋಣ ಅಂತ ಅಂದುಕೊಂಡಿದ್ದೇವೆ.

ಆಮೇಲೆ ಒಂದು ಪುಸ್ತಕದಂಗಡಿಗೆ ಹೋಗಿ ಕೇಳಿದೆ. 40 ಪರ್ಸೆಂಟ್ ಕಮಿಷನ್, ಅದೂ ಮಾರಿದ ಮೇಲೆ ದುಡ್ಡು, ಆರು ತಿಂಗಳಿಗೊಮ್ಮೆ ಲೆಕ್ಕ ಅಂದರು. ನನಗೆ ತಲೆ ತಿರುಗಿತು. ಬರೆದವರು ಅಪ್ಪ, ಟೈಪ್ ಮಾಡಿದ್ದು ನಾನು, ದುಡ್ಡು ಹಾಕುವುದು ನಾವು. ಅವರು ಬರೀ ಕಪಾಟಿನಲ್ಲಿ ಇಡುವುದಕ್ಕೆ 72 ರೂಪಾಯಿಯಾ?

ಇನ್ನೊಂದು ವಿಷಯ. ಅಪ್ಪನ ಟ್ರಂಕು ತೆಗೆದಾಗ ಅಜ್ಜನ ಕಾಲದ ಒಂದು ಯಕ್ಷಗಾನ ಪ್ರಸಂಗ ಪುಸ್ತಕ ಸಿಕ್ಕಿತು. ತೆಳು ಕಾಗದ, ಮುಟ್ಟಿದರೆ ಪುಡಿಯಾಗುವ ಹಾಗೆ. ಮೇಲೆ "ಪಾವಂಜೆ ಗುರುರಾವ್ ಎಂಡ್ ಸನ್ಸ್, ಉಡುಪಿ" ಅಂತ ಉಂಟು. ನಮ್ಮ ಊರಲ್ಲೇ ಅಚ್ಚು ಹಾಕಿ ನಮ್ಮ ಊರಲ್ಲೇ ಮಾರಿ ಬದುಕಿದವರು ಇದ್ದರಲ್ಲ. ಅವರಿಗೆ ಹೇಗೆ ಆಯಿತು, ನಮಗೆ ಯಾಕೆ ಆಗುವುದಿಲ್ಲ? ಗೊತ್ತಿದ್ದವರು ಹೇಳಿ.

ಹಂಪನಕಟ್ಟೆ_ಹಳಬ

ನೋಡಮ್ಮ, 40 ಅಂದ ಕೂಡಲೇ ಲೂಟಿ ಅಂತ ಅನಿಸುವುದು ಸಹಜ. ನಾನು 23 ವರ್ಷ ಮಂಗಳೂರಿನ ಒಂದು ಪುಸ್ತಕದಂಗಡಿಯ ಕೌಂಟರಿನಲ್ಲಿ ನಿಂತವ. ಒಳಗಿನ ಲೆಕ್ಕ ಹೇಳುತ್ತೇನೆ, ಆಮೇಲೆ ಬೈಯಿರಿ.

180ರಲ್ಲಿ 72 ಅಂಗಡಿಗೆ. ಕೊಳ್ಳುವವರು ಬಂದ ಕೂಡಲೇ "ಎಷ್ಟು ಬಿಡುತ್ತೀರಿ?" ಅಂತಲೇ ಶುರು ಮಾಡುವುದು. ಹತ್ತು ಪರ್ಸೆಂಟ್ ಬಿಟ್ಟರೆ 18 ಹೋಯಿತು. ಉಳಿದ 54ರಲ್ಲಿ ಬಾಡಿಗೆ, ಕರೆಂಟು, ನನ್ನಂಥವನ ಸಂಬಳ. ಅದೂ ನಿಮ್ಮ ಪುಸ್ತಕ ವಾರಕ್ಕೊಂದು ಹೋದರೆ. ಸತ್ಯ ಏನು ಅಂದರೆ, ಹೊಸ ಲೇಖಕರು ತಂದಿಟ್ಟ ಹತ್ತು ಪ್ರತಿಯಲ್ಲಿ ಮೊದಲ ತಿಂಗಳು ಮೂರು ಹೋಗುತ್ತದೆ, ಅದರಲ್ಲಿ ಎರಡು ಲೇಖಕರ ಭಾವನೋ ಮೈದುನನೋ ಬಂದು ತೆಗೆದುಕೊಂಡು ಹೋಗುವುದು. ಉಳಿದ ಏಳು ಎರಡು ವರ್ಷ ಕಪಾಟಿನಲ್ಲಿ ಧೂಳು ತಿನ್ನುತ್ತದೆ. ಆ ಜಾಗದಲ್ಲಿ ಮಕ್ಕಳ ಡಿಕ್ಷನರಿ ಇಟ್ಟಿದ್ದರೆ ಏಳು ಸಲ ಮಾರಿ ಆಗುತ್ತಿತ್ತು. ನೀವು ಕೊಡುವ ಕಮಿಷನ್ ಪುಸ್ತಕಕ್ಕಲ್ಲ, ಆ ಜಾಗಕ್ಕೆ.

ಇನ್ನು, ನಾಲ್ಕೈದು ಊರಿನ ಅಂಗಡಿಗೆ ಹೋಗಬೇಕು ಅಂತ ವಿತರಕರಿಗೆ ಕೊಟ್ಟರೆ ಅವರು 50 ಕೂಡ ಕೇಳಬಹುದು. ಅದರಲ್ಲಿ ಅಂಗಡಿಗೆ ಅವರು ಹಂಚಬೇಕು.

ನಾವು ಹೇಗೆ ಬದುಕಿದೆವು ಅಂತ ಕೇಳಿ. ಕಥೆ ಕಾದಂಬರಿಯಿಂದ ಅಲ್ಲ. ಮೇ ಕೊನೆಯಿಂದ ಜುಲೈವರೆಗೆ ಪಠ್ಯಪುಸ್ತಕ, ನೋಟ್‌ಬುಕ್ಕು, ಗೈಡು, ಬೈಂಡಿನ ಕಾಗದ, ಲೇಬಲ್ಲು. ಅಂಗಡಿಯ ಮುಂದೆ ಮಳೆಯಲ್ಲಿ ಕೊಡೆ ಹಿಡಿದು ಅಪ್ಪಂದಿರ ಕ್ಯೂ. ಊಟಕ್ಕೆ ಹೋಗಲಿಕ್ಕೆ ಪುರುಸೊತ್ತು ಇರುತ್ತಿರಲಿಲ್ಲ. ಆ ಎರಡು ತಿಂಗಳ ದುಡ್ಡಿನಲ್ಲಿ ಉಳಿದ ಹತ್ತು ತಿಂಗಳು ಸಾಹಿತ್ಯದ ಕಪಾಟು ಉಸಿರಾಡುತ್ತಿತ್ತು. ಆಮೇಲೆ ಖಾಸಗಿ ಶಾಲೆಗಳು ತಾವೇ ಪುಸ್ತಕ, ನೋಟ್‌ಬುಕ್ಕು, ಟೈ, ಬೆಲ್ಟು ಎಲ್ಲ ಒಂದೇ ಕಟ್ಟಿನಲ್ಲಿ ಮಾರಲು ಶುರು ಮಾಡಿದವು. ನಮ್ಮ ಅಂಗಡಿಗೆ ಪೆಟ್ಟು ಬಿದ್ದದ್ದು ಅಲ್ಲಿ. ಎಲ್ಲರೂ ಆನ್‌ಲೈನ್, ಮೊಬೈಲು ಅಂತಾರೆ, ಅದೆಲ್ಲ ಆಮೇಲಿನ ಕಥೆ.

ಬಲ್ಮಠ ರಸ್ತೆಯ ಅತ್ರಿ ಬುಕ್ ಸೆಂಟರ್ ನೆನಪಿದೆಯಾ? 1975ರಲ್ಲಿ ಶುರುವಾದದ್ದು, 2012ರ ಮಾರ್ಚ್ 31ಕ್ಕೆ ಬಾಗಿಲು ಹಾಕಿತು. ಅಶೋಕವರ್ಧನರು ಪುಸ್ತಕವನ್ನೇ ನಂಬಿ ಅಷ್ಟು ವರ್ಷ ನಡೆಸಿದವರು, ಪುಸ್ತಕೋದ್ಯಮದ ಒಳಗಿನ ಕಷ್ಟಗಳ ಬಗ್ಗೆ ಖಡಕ್ಕಾಗಿ ಬರೆದವರು ಕೂಡ. ಆ ಅಂಗಡಿ ಮುಚ್ಚಿದ ಮೇಲೆ ನನಗೆ ಗೊತ್ತಿರುವ ಎಷ್ಟೋ ಮಂದಿ "ಇನ್ನು ಬಲ್ಮಠಕ್ಕೆ ಯಾಕೆ ಹೋಗುವುದು" ಅಂತ ಹೇಳಿದ್ದುಂಟು. ಹೇಳಿದವರೆಲ್ಲ ತಿಂಗಳಿಗೊಂದು ಪುಸ್ತಕ ತೆಗೆದುಕೊಂಡಿದ್ದರೆ... ಹೋಗಲಿ ಬಿಡಿ.

ಒಂದು ಕೆಲಸದ ಮಾತು. ಪುಸ್ತಕದ ಬೆನ್ನಿನ ಮೇಲೆ ಹೆಸರು ಹಾಕಿಸಿ. ನಗಬೇಡಿ, ಸ್ವಂತ ಖರ್ಚಿನಲ್ಲಿ ಮಾಡಿಸುವವರಲ್ಲಿ ಸುಮಾರು ಮಂದಿ ಬೆನ್ನು ಖಾಲಿ ಬಿಟ್ಟಿರುತ್ತಾರೆ. ಮುಖಪುಟಕ್ಕೆ ಕಲಾವಿದರಿಂದ ಚಿತ್ರ ಬರೆಸಿರುತ್ತಾರೆ, ಆದರೆ ಕಪಾಟಿನಲ್ಲಿ ಕಾಣುವುದು ಬೆನ್ನು ಮಾತ್ರ. ಬೋಳು ಬೆನ್ನಿನ ಪುಸ್ತಕ ಕೇಳಿಕೊಂಡು ಬಂದರೂ ನಮಗೇ ಸಿಗುತ್ತಿರಲಿಲ್ಲ.

ಪಡುಬಿದ್ರಿ_ಪುಟ್ಟ

ಎಂತಕ್ಕೆ ಇಷ್ಟೆಲ್ಲ ಮಾರಾಯ್ರೇ, ಪಿಡಿಎಫ್ ಮಾಡಿ ವಾಟ್ಸಾಪಿನಲ್ಲಿ ಹಾಕಿಬಿಡಿ. ಖರ್ಚು ಸೊನ್ನೆ.

ಅಚ್ಚುಮೊಳೆ

ಪುಟ್ಟಣ್ಣ, 78 ವರ್ಷದ ಮಾಸ್ಟ್ರಿಗೆ ಪಿಡಿಎಫ್ ಕೈಗೆ ಕೊಟ್ಟು "ನಿಮ್ಮ ಪುಸ್ತಕ" ಅಂತ ಹೇಳಿ ನೋಡಿ.

ಅಕ್ಕ, ನಾನು ಉಡುಪಿಯಲ್ಲಿ ಕಾಲಲ್ಲಿ ತುಳಿಯುವ ಟ್ರೆಡಲ್ ಮೆಷಿನ್ನಿನ ಪ್ರೆಸ್ಸಿನಲ್ಲಿ ಮೊಳೆ (ಸೀಸದ ಅಕ್ಷರದ ಅಚ್ಚು) ಜೋಡಿಸುವ ಕೆಲಸದಿಂದ ಶುರು ಮಾಡಿದವ, ಈಗ ಆಫ್‌ಸೆಟ್ಟು, ಡಿಜಿಟಲ್ಲು ಎರಡೂ ನೋಡುತ್ತಿದ್ದೇನೆ. ನಿಮ್ಮ ಅಪ್ಪನ ತಲೆಯಲ್ಲಿ ಆ ಸಾವಿರ ಯಾಕೆ ಕೂತಿದೆ ಅಂತ ನನಗೆ ಗೊತ್ತು. ಅದು ಮೊಳೆಯ ಕಾಲದ ಲೆಕ್ಕ.

ಆಗ ಹೇಗಿತ್ತು ಅಂದರೆ, ಕನ್ನಡಕ್ಕೆ ಇಂಗ್ಲಿಷಿನ ಹಾಗೆ ಮೊಳೆ ಇಡುವ ಒಂದೆರಡು ಕೇಸಿನಲ್ಲಿ ಮುಗಿಯುವುದಿಲ್ಲ. ಕ, ಕಾ, ಕಿ, ಕೀ, ಒತ್ತಕ್ಷರ ಬೇರೆ, ದೀರ್ಘ ಬೇರೆ, ಕೊಂಬು ಬೇರೆ. ಗೋಡೆ ತುಂಬ ಕೇಸು. ಎಡಗೈಯಲ್ಲಿ ಮೊಳೆ ಕೂರಿಸುವ ಸ್ಟಿಕ್ಕು ಹಿಡಿದು, ಬಲಗೈಯಲ್ಲಿ ಒಂದೊಂದೇ ಸೀಸದ ಮೊಳೆ ಹೆಕ್ಕಿ ತಲೆಕೆಳಗಾಗಿ ಜೋಡಿಸುವುದು. ಸಣ್ಣ ಪ್ರೆಸ್ಸಿನಲ್ಲಿ ಇರುವ ಮೊಳೆ ಎಂಟು ಪುಟಕ್ಕೆ ಸಾಕು, ಜಾಸ್ತಿ ಅಂದರೆ ಹದಿನಾರಕ್ಕೆ. ಅಷ್ಟು ಅಚ್ಚು ಹಾಕಿದ ಮೇಲೆ ಆ ಪುಟಗಳನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮೊಳೆಗಳನ್ನು ವಾಪಸ್ ಅದರದರ ಮನೆಗೆ ಹಾಕಬೇಕು. ಆಮೇಲೆ ಮುಂದಿನ ಪುಟ. ಪುಸ್ತಕದ ಕೊನೆಗೆ ಬರುವಾಗ ಮೊದಲ ಪುಟದ ಮೊಳೆ ಬೇರೆ ಯಾವುದೋ ಮದುವೆ ಕಾಗದದಲ್ಲಿ ಇರುತ್ತದೆ! ಇನ್ನು ನೂರು ಪ್ರತಿ ಬೇಕು ಅಂದರೆ ಪುನಃ ಒಂದನೇ ಪುಟದಿಂದ ಜೋಡಿಸಬೇಕು. ಹಾಗಾಗಿ ಬೇಕೋ ಬೇಡವೋ ಒಮ್ಮೆಗೇ ಸಾವಿರ ಹಾಕಿಸುತ್ತಿದ್ದರು. ಬುದ್ಧಿವಂತಿಕೆಯೇ ಅದು, ಆಗ.

ಈಗ ನಿಮ್ಮ ಪುಸ್ತಕ ಒಂದು ಫೈಲು. ಇವತ್ತು ನೂರು, ಆರು ತಿಂಗಳು ಬಿಟ್ಟು ಇನ್ನು ಐವತ್ತು. ಫೈಲು ಎಲ್ಲಿಗೂ ಓಡಿಹೋಗುವುದಿಲ್ಲ. ಸಾವಿರ ಹಾಕಿಸಲು ಕಾರಣವೇ ಇಲ್ಲ.

ಆಫ್‌ಸೆಟ್ಟಿನಲ್ಲಿ ಪ್ಲೇಟು, ಮೆಷಿನ್ ಹೂಡುವ ಖರ್ಚು ಪ್ರತಿ ಎಷ್ಟೇ ಆಗಲಿ ಒಂದೇ. ಅದಕ್ಕೇ ಪ್ರತಿ ಜಾಸ್ತಿಯಾದ ಹಾಗೆ ಒಂದೊಂದರ ರೇಟು ಇಳಿಯುತ್ತದೆ. ಡಿಜಿಟಲ್ಲಿನಲ್ಲಿ ಪ್ಲೇಟು ಇಲ್ಲ, ಇಳಿಯುವುದೂ ಕಮ್ಮಿ. ನಿಮ್ಮ 160 ಪುಟ ನಮ್ಮಲ್ಲಿ 100 ಪ್ರತಿಗೆ 13,500ರ ಹತ್ತಿರ ಬೀಳುತ್ತದೆ, ಒಂದಕ್ಕೆ 135. ದುಬಾರಿ ಅಲ್ವಾ ಅಂತ ಅನಿಸುತ್ತದೆ. ಆದರೆ 1000 ಹಾಕಿಸಿ 300 ಮಾರಿದರೆ ಮಾರಿದ ಒಂದೊಂದಕ್ಕೆ ನಿಮಗೆ ಬಿದ್ದದ್ದು 82 ಅಲ್ಲ, 273. ಪ್ರೆಸ್ಸಿನವರು ಈ ಭಾಗಾಕಾರ ಮಾಡಿ ತೋರಿಸುವುದಿಲ್ಲ. ನಾನೂ ತೋರಿಸುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಕಾಗದದ ಲೆಕ್ಕ ಕೂಡ ತಿಳಿದಿರಲಿ. ಡೆಮಿ 1/8ರಲ್ಲಿ ಒಂದು ಫಾರಂ ಅಂದರೆ 16 ಪುಟ. 160 ಪುಟ ಅಂದರೆ ಸರಿಯಾಗಿ 10 ಫಾರಂ, ಒಳ್ಳೆಯದಾಯಿತು. 163 ಪುಟ ಆಗಿದ್ದರೆ ಮೂರು ಪುಟಕ್ಕೋಸ್ಕರ ಇನ್ನೊಂದು ತುಂಡು ಫಾರಂ ಹಿಡಿಯಬೇಕಿತ್ತು. ಹಾಗಾಗಿ ಕೊನೆ ಗಳಿಗೆಯಲ್ಲಿ "ಇನ್ನೊಂದು ಮುನ್ನುಡಿ ಉಂಟು" ಅಂತ ಯಾರಾದರೂ ದೊಡ್ಡವರ ಬರಹ ತಂದು ಸೇರಿಸಬೇಡಿ. 500 ಪ್ರತಿಗೆ 10 ರೀಮು (ಒಂದು ರೀಮಿಗೆ 500 ಹಾಳೆ), ಮೇಲೆ ಸ್ವಲ್ಪ ವೇಸ್ಟೇಜು. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಆದರೆ ಕಾಗದಕ್ಕೆ ಉಂಟು, ಅಚ್ಚಿನ ಕೂಲಿಗೂ ಉಂಟು. ಮಾರುವ ವಸ್ತುವಿಗೆ ತೆರಿಗೆ ಇಲ್ಲದ ಕಾರಣ ಕಟ್ಟಿದ್ದನ್ನು ವಾಪಸ್ ಪಡೆಯಲಿಕ್ಕೂ ಬರುವುದಿಲ್ಲ. ಅದು ಸುಮ್ನೆ ನಿಮ್ಮ ಖರ್ಚಿಗೆ ಸೇರುತ್ತದೆ.

ಐಎಸ್‌ಬಿಎನ್ (ಪುಸ್ತಕದ ಗುರುತಿನ ನಂಬರು) ತೆಗೆದುಕೊಳ್ಳಿ, ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಏಜೆನ್ಸಿಯಿಂದ ಆನ್‌ಲೈನಿನಲ್ಲಿ ಫ್ರೀ. ಯಾರಾದರೂ "ನಾನು ಮಾಡಿಸಿಕೊಡುತ್ತೇನೆ, ಎರಡು ಸಾವಿರ ಕೊಡಿ" ಅಂದರೆ ಕೊಡಬೇಡಿ.

ಬಲ್ಮಠದ_ಕಲ್ಲು

ಕೊನೆಯ ಪ್ರಶ್ನೆಗೆ ಯಾರೂ ಬರಲಿಲ್ಲ, ನಾನು ಬರುತ್ತೇನೆ. "ಅವರಿಗೆ ಹೇಗೆ ಆಯಿತು?"

ನಮ್ಮ ಕರಾವಳಿಯಲ್ಲಿ ಪುಸ್ತಕ ಒಂಟಿಯಾಗಿ ಯಾವತ್ತೂ ಬದುಕಿದ್ದಿಲ್ಲ. ಅದರ ಹಿಂದೆ ಯಾವಾಗಲೂ ಇನ್ನೊಬ್ಬರು ಇದ್ದರು. ಮಂಗಳೂರಿನ ಅಚ್ಚಿನ ಕಥೆ ಶುರುವಾಗುವುದೇ ಹಾಗೆ. ಯುರೋಪಿನ ಕ್ರೈಸ್ತ ಪ್ರಚಾರ ಸಂಸ್ಥೆ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1841ರಲ್ಲಿ ಬಲ್ಮಠದಲ್ಲಿ ಪ್ರೆಸ್ಸು ಹಾಕಿದರು. ಮೊದಲಿಗೆ ಸೀಸದ ಮೊಳೆಯಲ್ಲ, ಕಲ್ಲಚ್ಚು. ಅಕ್ಷರ ಚೆಂದ ಇದ್ದವರು ಜಿಡ್ಡಿನ ಶಾಯಿಯಲ್ಲಿ ಬರೆಯಬೇಕು, ಅದನ್ನು ನುಣ್ಣಗೆ ಉಜ್ಜಿದ ಕಲ್ಲಿಗೆ ಇಳಿಸಬೇಕು, ಕಲ್ಲಿಗೆ ನೀರು ಸವರಿ ಮಸಿ ಉರುಳಿಸಬೇಕು. ಜಿಡ್ಡು ಇರುವಲ್ಲಿ ಮಸಿ ಹಿಡಿಯುತ್ತದೆ, ನೀರಿರುವಲ್ಲಿ ಹಿಡಿಯುವುದಿಲ್ಲ. ಅಚ್ಚುಮೊಳೆ ಅಣ್ಣ ಹೇಳಿದ ಒತ್ತಕ್ಷರದ ರಗಳೆಯೇ ಇಲ್ಲ, ಕೈಯಲ್ಲಿ ಬರೆದದ್ದು ಹಾಗೇ ಬರುತ್ತದೆ.

1843ರ ಜುಲೈ 1ರಂದು ಅದೇ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ತಂದ "ಮಂಗಳೂರ ಸಮಾಚಾರ" ಇಂಥ ಕಲ್ಲಚ್ಚಿನಲ್ಲೇ ಬಂದದ್ದು. ಕನ್ನಡದ ಮೊದಲ ಪತ್ರಿಕೆ, ಹದಿನೈದು ದಿನಕ್ಕೊಮ್ಮೆ. ಅದಕ್ಕೇ ಈಗಲೂ ಜುಲೈ 1 ಪತ್ರಿಕಾ ದಿನ. ಆದರೆ ಭಾಷಣಗಳಲ್ಲಿ ಯಾರೂ ಹೇಳದ ಒಂದು ಮಾತು, ಒಂದು ವರ್ಷ ಆಗುವುದರೊಳಗೆ, 1844ರಲ್ಲಿ, ಅದು ಬಳ್ಳಾರಿಗೆ ಹೋಯಿತು, ಹೆಸರೂ ಬದಲಾಯಿತು. ಮಂಗಳೂರಿನ ಮೊದಲ ಪತ್ರಿಕೆಗೆ ಮಂಗಳೂರಿನಲ್ಲಿ ಒಂದು ವರ್ಷದ ಹುಟ್ಟುಹಬ್ಬ ಸಿಗಲಿಲ್ಲ!

ಆಮೇಲೆ ಅದೇ ಮೊಗ್ಲಿಂಗ್ ಕುಮಾರವ್ಯಾಸ ಭಾರತ, ಜೈಮಿನಿ, ಬಸವ ಪುರಾಣ, ದಾಸರ ಪದ ಎಲ್ಲ ಸೇರಿಸಿ ದೊಡ್ಡ ದೊಡ್ಡ ಸಂಪುಟ ತಂದರು. ಅದೂ ಕಲ್ಲಚ್ಚು. ಮಾರಿ ದುಡ್ಡು ಮಾಡಿದ್ದಾ? ಅಲ್ಲ. ಕ್ಯಾಸಮೇಜರ್ ಅಂತ ಒಬ್ಬ ನಿವೃತ್ತ ಜಡ್ಜ್ ಖರ್ಚು ಕೊಟ್ಟರು. ಗುಂಡರ್ಟರ ಮಲಯಾಳ ನಿಘಂಟು 1872, ಮ್ಯಾನರರ ತುಳು ನಿಘಂಟು 1886, ಕಿಟ್ಟೆಲ್ಲರ ಕನ್ನಡ ನಿಘಂಟು 1894. ಮೂರು ಭಾಷೆಯ ಮೂರು ನಿಘಂಟು ಮಂಗಳೂರಿನ ಅದೇ ಮಿಷನ್ ಪ್ರೆಸ್ಸಿನಿಂದ. ಕಿಟ್ಟೆಲ್ಲರದ್ದರಲ್ಲಿ ಸುಮಾರು 70,000 ಶಬ್ದ. ಇದನ್ನು ಪೇಟೆಯಲ್ಲಿ ಮಾರಿ ಲಾಭ ಮಾಡಲು ಹೊರಟಿದ್ದರೆ ಯಾರೂ ಕೈ ಹಾಕುತ್ತಿರಲಿಲ್ಲ. ಹಿಂದೆ ಮಿಷನ್ ಇತ್ತು, ಅದಕ್ಕೆ ಯುರೋಪಿನಿಂದ ಕಾಣಿಕೆ ಬರುತ್ತಿತ್ತು, ಶಾಲೆಗಳಿದ್ದವು, ಶಾಲೆಗೆ ಬೇಕಾದ ಪಠ್ಯವೂ ಅದೇ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಮಿಷನ್ನಿನಲ್ಲಿದ್ದ ಜರ್ಮನಿಯವರು ಹೊರಗೆ ಹೋಗಬೇಕಾಯಿತು, ಆಗ ಪ್ರೆಸ್ಸಿಗೂ ಪೆಟ್ಟು ಬಿತ್ತು.

ಹಂಪನಕಟ್ಟೆಯವರು ಹೇಳಿದ ಜೂನ್ ತಿಂಗಳ ಕಥೆ ಇದರ ಮೊಮ್ಮಗ. ಪಠ್ಯಪುಸ್ತಕ ಸಾಹಿತ್ಯವನ್ನು ಸಾಕುವುದು.

ಈಗ ನಿಮ್ಮ ಟ್ರಂಕಿನ ಪ್ರಸಂಗ ಪುಸ್ತಕಕ್ಕೆ ಬರುತ್ತೇನೆ, ನನಗೆ ಬಹಳ ಇಷ್ಟದ ವಿಷಯ. ಪಾವಂಜೆಯವರು ಉಡುಪಿಯಲ್ಲಿ ಪ್ರಸಂಗಗಳನ್ನು ಸಾಲು ಸಾಲಾಗಿ ಅಚ್ಚು ಹಾಕಿಸಿದವರು. ತೆರೆದು ನೋಡಿ, ಅದರಲ್ಲಿ ಬರೀ ಪದ್ಯ ಇರುತ್ತದೆ, ರಾಗ ತಾಳದ ಹೆಸರು ಇರುತ್ತದೆ. ಮಾತು ಇರುವುದಿಲ್ಲ, ಅರ್ಥ ಹೇಳುವವರು ಅದನ್ನು ಬಾಯಲ್ಲೇ ಕಟ್ಟಬೇಕು. ಅಂದರೆ ಅದು ಓದಲಿಕ್ಕೆ ಮಾಡಿದ ಪುಸ್ತಕವೇ ಅಲ್ಲ, ಕೆಲಸದ ಪುಸ್ತಕ, ಬಡಗಿಗೆ ಉಳಿ ಇದ್ದ ಹಾಗೆ. ಪದ್ಯ ಹಾಡುವ ಭಾಗವತರಿಗೆ ಬೇಕು, ವೇಷವಿಲ್ಲದೆ ಕೂತು ಮಾತಾಡುವ ತಾಳಮದ್ದಳೆಯ ಅರ್ಥಧಾರಿಗೆ ಬೇಕು, ಆಟದ ಹುಚ್ಚಿನವರಿಗೆ ಬೇಕು. ಮಳೆಗಾಲ ಬಂದರೆ ಊರೂರಲ್ಲಿ ತಾಳಮದ್ದಳೆ ಕೂಟ, ಮಳೆ ಬಿಟ್ಟರೆ ಮೇಳದ ತಿರುಗಾಟ. ಆಟದ ಗದ್ದೆಯಲ್ಲಿ ಚರುಂಬುರಿ, ಚಾ ಮಾರುವವರ ಪಕ್ಕ ಗೋಣಿ ಹಾಸಿ ಪ್ರಸಂಗ ಪುಸ್ತಕ ಇಟ್ಟುಕೊಂಡು ಕೂತವರನ್ನು ನಾನೇ ನೋಡಿದ್ದೇನೆ. ಗ್ಯಾಸ್‌ಲೈಟಿನ ಬೆಳಕಿನಲ್ಲಿ ನಮ್ಮ ಮಾವ ಒಂದು ತೆಗೆದುಕೊಂಡು, ಆಟ ಮುಗಿಯುವವರೆಗೆ ಪದ್ಯ ಹೋಲಿಸುತ್ತ ಕೂತಿದ್ದರು. ಭಾಗವತರು ಎರಡು ಪದ್ಯ ಬಿಟ್ಟರು ಅಂತ ಬೆಳಗ್ಗೆ ಮನೆಯಲ್ಲಿ ಜಗಳ.

ಅಲ್ಲಿ ಕೊಳ್ಳುವವನು ಮೊದಲೇ ಇದ್ದ, ಪುಸ್ತಕ ಅವನನ್ನು ಹುಡುಕಿಕೊಂಡು ಗದ್ದೆಗೆ ಹೋಯಿತು. ಮಾಸ್ಟ್ರ ಪುಸ್ತಕವನ್ನು ಅಂಗಡಿಯಲ್ಲಿಟ್ಟು ಯಾರೋ ಗುರುತಿಲ್ಲದವರು ಬರುತ್ತಾರೆ ಅಂತ ಕಾಯುವುದು ಬೇರೆ ವ್ಯಾಪಾರ. ಅದಕ್ಕೆ ಬೇಕಾದ ಹೆಸರು, ಜಾಹೀರಾತು ನಮ್ಮ ಹತ್ತಿರ ಇಲ್ಲ. ಮಾಸ್ಟ್ರ ಗದ್ದೆ ಎಲ್ಲಿದೆ ಅಂತ ನೋಡಿ.

ಕಡಿಯಾಳಿಯವಳು

ಅಬ್ಬ, ಇಷ್ಟು ಬರುತ್ತದೆ ಅಂತ ಗೊತ್ತಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. 273ರ ಲೆಕ್ಕ ಅಪ್ಪನಿಗೆ ಓದಿ ಹೇಳಿದೆ. ಒಂದು ನಿಮಿಷ ಸುಮ್ಮನೆ ಕೂತು "ಭಾಗಾಕಾರ ಸರಿ ಉಂಟು" ಅಂದರು. ಮತ್ತೆ "ಲೈಬ್ರರಿಗೆ ಸರ್ಕಾರ ತೆಗೆದುಕೊಳ್ಳುತ್ತದಲ್ಲ, ಅದಕ್ಕೆ ಬೇಡ್ವಾ?" ಅಂತ ಕೇಳಿದರು. ಅದು ಹೇಗೆ?

ಮಣ್ಣಗುಡ್ಡೆ_ಶೈಲ

ತಂಗಿ, ಆ ಲೈಬ್ರರಿ ಆಸೆಗೆ ಬಿದ್ದವಳು ನಾನು, ಹಾಗಾಗಿ ಹೇಳುತ್ತೇನೆ.

ಆಸ್ತಿ ತೆರಿಗೆಯ ಮೇಲೆ 6 ಪರ್ಸೆಂಟ್ ಗ್ರಂಥಾಲಯ ಕರ ಕಟ್ಟುತ್ತೇವಲ್ಲ, ರಶೀದಿ ತೆಗೆದು ನೋಡಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಆ ದುಡ್ಡಿನಿಂದ ಗ್ರಂಥಾಲಯ ಇಲಾಖೆ ಕನ್ನಡ ಪುಸ್ತಕ ಆಯ್ಕೆ ಮಾಡಿ ಸಗಟಾಗಿ ಕೊಳ್ಳುತ್ತದೆ. ಆಯ್ಕೆಯಾದರೆ 300 ಪ್ರತಿ ಅಂತ ಎಲ್ಲರೂ ಲೆಕ್ಕ ಹಾಕುವುದು. ರೇಟು ಮಾತ್ರ ಪುಟದ ಲೆಕ್ಕದಲ್ಲಿ ಅವರೇ ಕಟ್ಟುತ್ತಾರೆ, ನೀವು ಮೇಲೆ ಅಚ್ಚು ಹಾಕಿದ ಬೆಲೆಯಲ್ಲ. ಆಯ್ಕೆಯಾಗುತ್ತದೆ ಅಂತ ಖಾತ್ರಿ ಇಲ್ಲ. ಆಯ್ಕೆಯಾದರೂ ದುಡ್ಡಿಗೆ ವರ್ಷಗಟ್ಟಲೆ ಕಾಯುವುದು ಕನ್ನಡ ಪ್ರಕಾಶಕರಿಗೆ ಹೊಸತಲ್ಲ. ಅರ್ಜಿ ಹಾಕಿ, ಬೇಡ ಅನ್ನುವುದಿಲ್ಲ. ಬಂದರೆ ಆಗ ಆ 300 ಅಚ್ಚು ಹಾಕಿಸಿ. ಅದನ್ನು ನಂಬಿ ಮೊದಲೇ ಹಾಕಿಸಿಡಬೇಡಿ.

ನನ್ನ ಮೊದಲ ಕವನ ಸಂಕಲನ 1000 ಪ್ರತಿ. ಬಿಡುಗಡೆಗೆ ಹಾಲ್ ಬಾಡಿಗೆ, ಶಾಲು, ಹಣ್ಣಿನ ಬುಟ್ಟಿ, 150 ಜನಕ್ಕೆ ಗೋಳಿಬಜೆ ಕಾಫಿ. ಅತಿಥಿಗಳು, ಬಂಧುಗಳು, "ಒಂದು ಪ್ರತಿ ಕೊಡಿ, ಓದಿ ಅಭಿಪ್ರಾಯ ಹೇಳುತ್ತೇನೆ" ಅನ್ನುವವರು, ಎಲ್ಲ ಸೇರಿ 130 ಗೌರವ ಪ್ರತಿ ಹೋಯಿತು. ಅಭಿಪ್ರಾಯ ಹೇಳಿದವರು ಇಬ್ಬರು. ಒಂದು ಅಂಗಡಿಗೆ 40 ಪ್ರತಿ ಕೊಟ್ಟೆ, ರಶೀದಿ ತೆಗೆದುಕೊಳ್ಳಲಿಲ್ಲ, ಪರಿಚಯದವರಲ್ಲವಾ ಅಂತ. ಒಂದು ದಿನ ಹೋಗಿ ನೋಡಿದರೆ ಅಲ್ಲಿ ಮೊಬೈಲ್ ಕವರು ಮಾರುತ್ತಿದ್ದಾರೆ. ದುಡ್ಡೂ ಇಲ್ಲ, ಪುಸ್ತಕವೂ ಇಲ್ಲ. ಉಳಿದದ್ದನ್ನು ಅಟ್ಟದಲ್ಲಿ ಇಟ್ಟೆವು. ನಮ್ಮ ಮಳೆ ಗೊತ್ತಲ್ಲ. ಎರಡು ಮಳೆಗಾಲ ಕಳೆದು ಕಟ್ಟು ಬಿಚ್ಚಿದರೆ ಮೇಲಿನದ್ದು ಬೂಷ್ಟು, ಕೆಳಗಿನದ್ದು ಒರಲೆ ತಿಂದು ಒಳಗೆ ಮಣ್ಣು. ನಡುವಿನದ್ದು ಮಾತ್ರ ಚೆನ್ನಾಗಿತ್ತು. ನನ್ನ ಗಂಡ "ನಿನ್ನ ಕವಿತೆಯನ್ನು ಪೂರ್ತಿ ಓದಿ ಮುಗಿಸಿದ್ದು ಒರಲೆ ಮಾತ್ರ" ಅಂತ ಈಗಲೂ ತಮಾಷೆ ಮಾಡುತ್ತಾರೆ. ನಾನು ಆ ದಿನ ಅತ್ತಿದ್ದೆ.

ಎರಡನೆಯದ್ದು 200 ಮಾತ್ರ. ಮೊದಲೇ ವಾಟ್ಸಾಪಿನಲ್ಲಿ ಹಾಕಿದೆ, ದುಡ್ಡು ಕಳಿಸಿದವರಿಗೆ ಪುಸ್ತಕ ಅಂತ. ಅಚ್ಚಿಗೆ ಕೊಡುವ ಮೊದಲೇ 90 ಜನ ಹಾಕಿದರು. ಇದೇನೂ ಹೊಸ ಉಪಾಯ ಅಲ್ಲ, ಧಾರವಾಡದ ಮನೋಹರ ಗ್ರಂಥಮಾಲೆಯವರು 1933ರಿಂದ ಚಂದಾದಾರರನ್ನು ನಂಬಿಯೇ ಪುಸ್ತಕ ತಂದವರು. ಬಿಡುಗಡೆ ನಮ್ಮ ಮನೆಯ ಚಾವಡಿಯಲ್ಲಿ. ಬಾಗಿಲಲ್ಲಿ ಒಂದು ಮೇಜು, ಕ್ಯೂಆರ್ ಕೋಡು, ಅಕ್ಕನ ಮಗಳು ಕೂತಳು. ಗೌರವ ಪ್ರತಿ ಕೇಳಿದರೆ ಅವಳು ನಕ್ಕು ಕೋಡು ತೋರಿಸುತ್ತಿದ್ದಳು. ಇಂಥದಕ್ಕೆ ಕವಯಿತ್ರಿ ಸ್ವತಃ ಕೂರಬಾರದು, ಸಂಕೋಚ ಆಗುತ್ತದೆ.

ಅಂಚೆಯ ವಿಷಯ. 2024ರ ಡಿಸೆಂಬರಿನಲ್ಲಿ ಕಮ್ಮಿ ದರದಲ್ಲಿ ಪುಸ್ತಕ ಕಳಿಸುವ ಬುಕ್ ಪೋಸ್ಟ್ ನಿಲ್ಲಿಸಿದಾಗ ಪುಸ್ತಕಕ್ಕಿಂತ ಕಳಿಸುವ ಖರ್ಚೇ ಜಾಸ್ತಿಯಾಗಿ ಕೈ ಕಟ್ಟಿ ಹೋಗಿತ್ತು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಅಂತ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100, ತೆರಿಗೆ ಬೇರೆ. ಎಲ್ಲಿಗೆ ತಲುಪಿತು ಅಂತ ಮೊಬೈಲಿನಲ್ಲಿ ನೋಡಬಹುದು. ನಿಧಾನ, ಆದರೆ ಹೋಗುತ್ತದೆ. ನಿಮ್ಮ 160 ಪುಟ 200 ಗ್ರಾಮಿನ ಆಚೀಚೆ ಬರುತ್ತದೆ, 20 ರೂಪಾಯಿಯಲ್ಲಿ ಮುಗಿಯಿತು. ದಪ್ಪ ರಟ್ಟು ಗಿಟ್ಟು ಹಾಕಿ 300 ದಾಟಿಸಬೇಡಿ.

ಹಂಪನಕಟ್ಟೆ_ಹಳಬ

ಶೈಲಕ್ಕ, ಆ ಅಂಗಡಿ ನಮ್ಮದಲ್ಲ ಅಂತ ಹೇಳಿಬಿಡುತ್ತೇನೆ! ರಶೀದಿ ಮಾತ್ರ ಯಾವತ್ತೂ ತೆಗೆದುಕೊಳ್ಳಿ, ಪರಿಚಯ ಇದ್ದರಂತೂ ಖಂಡಿತ. ಕಡಿಯಾಳಿಯವರೇ, ಅಂಗಡಿಗೆ ಹತ್ತು ಸಾಕು, ಊರಿಗೆ ಬಂದ ಮುಂಬೈಯವರು ಕೇಳಿಕೊಂಡು ಬಂದರೆ ಸಿಗಬೇಕಲ್ಲ.

ಕಡಿಯಾಳಿಯವಳು

ಕೊನೆಗೆ 200 ಅಂತ ಆಯಿತು. ಅಪ್ಪ ಸುಲಭಕ್ಕೆ ಒಪ್ಪಲಿಲ್ಲ. ಬಲ್ಮಠದ ಕಲ್ಲಿನವರು ಬರೆದ ಗದ್ದೆಯ ಮಾತು ಓದಿ ಹೇಳಿದ ಮೇಲೆ ಏನೋ ಹೊಳೆಯಿತು ಅಂತ ಕಾಣುತ್ತದೆ, ಎದ್ದು ಹೋಗಿ ಒಂದು ಹಳೆಯ ಡೈರಿ ತಂದರು. ನಿನ್ನೆ ರಾತ್ರಿ ಊಟ ಆದ ಮೇಲೆ ಕಲಿಸಿದ ಮಕ್ಕಳ ಹೆಸರು ಹೇಳುತ್ತ ಹೋದರು, ನಾನು ಬರೆದುಕೊಂಡೆ. ಊರು, ಅಪ್ಪನ ಹೆಸರು, ಕೂರುತ್ತಿದ್ದ ಬೆಂಚು ಕೂಡ ಹೇಳುತ್ತಾರೆ. ಒಬ್ಬ ಈಗ ಮಸ್ಕತ್ತಿನಲ್ಲಿ, ಒಬ್ಬಳು ಪಂಚಾಯತ್ ಮೆಂಬರು, ಇಬ್ಬರು ಮುಂಬೈಯಲ್ಲಿ ಹೋಟೆಲು. 63 ಹೆಸರು ಆಗುವಾಗ ಕರೆಂಟು ಹೋಯಿತು, ಹೋಗಿ ಮಲಗಿ ಅಂದರೆ "ಟಾರ್ಚು ತಾ, ಇನ್ನು ಆ ಸಂಕದ ಆಚೆ ಮನೆಯವರು ಬರಲೇ ಇಲ್ಲ" ಅಂದರು.

ಅಚ್ಚುಮೊಳೆ ಅಣ್ಣ, ಬೆನ್ನಿನ ಅಗಲ ಎಷ್ಟು ಇಡಬೇಕು ಅಂತ ಡಿಟಿಪಿಯವರು ಕೇಳುತ್ತಿದ್ದಾರೆ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಕದ) ಕಾಗದ.

ಅಚ್ಚುಮೊಳೆ

80 ಹಾಳೆ, ಮೇಲೆ ರಟ್ಟು. 8 ಮಿಲಿಮೀಟರಿನ ಹತ್ತಿರ ಬರುತ್ತದೆ. ಆದರೂ ಅಂದಾಜಿನಲ್ಲಿ ಇಡಬೇಡಿ, ಅದೇ ಕಾಗದದಲ್ಲಿ ಖಾಲಿ ಹಾಳೆಯ ಒಂದು ಡಮ್ಮಿ ಕಟ್ಟಿಸಿ ಸ್ಕೇಲಿನಲ್ಲಿ ಅಳೆಯಿರಿ. ಮತ್ತೆ ಮಾಸ್ಟ್ರ ಹೆಸರಿನ ಕಾಗುಣಿತ ಬೆನ್ನಿನ ಮೇಲೆ, ಮುಖಪುಟದ ಮೇಲೆ, ಒಳಪುಟದಲ್ಲಿ ಮೂರೂ ಕಡೆ ಒಂದೇ ಇದೆಯಾ ಅಂತ ಅವರ ಕೈಯಲ್ಲೇ ಓದಿಸಿ ಸಹಿ ಹಾಕಿಸಿಕೊಳ್ಳಿ.